ಮಗಳ ಕ್ಯಾಂಪಸ್ಸಿನ ಸುದ್ದಿ

ಪ್ರಶ್ನೆ: ಮಗಳು ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಕ್ಯಾಂಪಸ್ಸಿನಲ್ಲಿ ಗುಂಡಿನ ಸದ್ದು ಎಂದು ಟಿವಿಯಲ್ಲಿ ಬಂದರೆ ಎದೆ ಧಸಕ್ಕೆನ್ನುತ್ತದೆ. ನಿಜ ತಿಳಿಯುವುದೆಲ್ಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಮೊದಲು ಅವಳ ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡಿ ತಾಯಿ, ಟಿವಿ ಆಮೇಲೆ. ಹಿಂದೊಮ್ಮೆ ವಿಶ್ವವಿದ್ಯಾಲಯವೇ ತಡಮಾಡಿದ್ದೂ ಉಂಟು: 2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಗುಂಡು ಹಾರಿದ್ದು ಬೆಳಿಗ್ಗೆ 7.15ರ ಸುಮಾರಿಗೆ, ಎಲ್ಲರಿಗೂ ಮೊದಲ ಇಮೇಲ್ ಹೋದದ್ದು 9.26ಕ್ಕೆ. ಸತ್ತ 32 ಮಂದಿಯಲ್ಲಿ 30 ಜನರನ್ನು ಕೊಂದದ್ದು ಅದರ ನಂತರ, ನಾರಿಸ್ ಹಾಲ್ ಎಂಬ ತರಗತಿ ಕಟ್ಟಡದಲ್ಲಿ. ಆ ವಿಳಂಬಕ್ಕೆ ಯಾವ ಸಮಜಾಯಿಷಿಯೂ ನನಗೆ ಒಪ್ಪಿಗೆಯಿಲ್ಲ. 2008ರಲ್ಲಿ ಅಮೆರಿಕದ ಕಾನೂನು ತಿದ್ದಿ, ಅಪಾಯ ಖಚಿತವಾದ ಕೂಡಲೇ ವಿಶ್ವವಿದ್ಯಾಲಯ ತಿಳಿಸಬೇಕೆಂದರು. ಈಗ ವಿದ್ಯಾರ್ಥಿಗಳಿಗೆ ಎಸ್ಸೆಮ್ಮೆಸ್ಸೂ ಬರುತ್ತದೆ, ಅಲ್ಲಿ ಕೊಟ್ಟ ನಂಬರ್ ಸರಿಯಿದ್ದರೆ! ಇಲ್ಲಿನ ನಂಬರ್ ಕೊಟ್ಟು, ಅಲ್ಲಿ ಹೊಸ ಸಿಮ್ ಹಾಕಿಕೊಂಡು ಸುಮ್ಮನಿರುವ ಮಕ್ಕಳೂ ಇದ್ದಾರೆ. 'ಊಟ ಆಯ್ತಾ' ಆದಮೇಲೆ ಇದನ್ನೂ ಒಮ್ಮೆ ಕೇಳಿ.