ಮೇಣದಬತ್ತಿ ಸುತ್ತ ಒಂಬತ್ತು ಕುರ್ಚಿ

ತಂಗಿ,

ನೈಟ್ ಡ್ಯೂಟಿ ಮುಗಿಸಿ ಬಂದು ಕಾಫಿ ಕುಡೀತಾ ನೀನು ಬರೆದಿದ್ದು ಓದಿದೆ. ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಎರಡು ತಿಂಗಳಾಯ್ತು, ಆಸ್ಪತ್ರೆ ಬಿಟ್ಟರೆ ರೂಮು, ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಯಾರೂ ಮಾತಾಡಿಸೋದಿಲ್ಲ ಅಂತ ಬರೆದಿದ್ದೀಯ. ಚರ್ಚಿನ ಬೋರ್ಡಿನಲ್ಲಿ 'ಕ್ರಿಶ್ಚಿಯನ್ ಮೆಡಿಟೇಷನ್' ಅಂತ ಒಂದು ಚೀಟಿ ಕಂಡೆಯಂತೆ. ಹೋಗಬಹುದಾ, ಇದು ನಮ್ಮದೇನಾ, ಊರಲ್ಲಿ ಅಮ್ಮ ಬೇಡ ಅಂತಿದ್ದಾರೆ, ಮಠದಂಥ ಕಡೆ ಕೆಲವು ದಿನ ಉಳಿದು ಮಾಡೋ ಧ್ಯಾನಕೂಟ ಎಲ್ಲೆಲ್ಲಿ ನಡೆಯುತ್ತೆ, ಖರ್ಚೆಷ್ಟು, ರಜೆ ಸಿಗುತ್ತಾ. ಕೊನೆಗೆ ಚಳಿ ಬಟ್ಟೆ, ಕನ್ನಡ ಪೂಜೆ.

ಚಳಿಗೆ ಒಳಗೊಂದು ಥರ್ಮಲ್, ಮೇಲೊಂದು ಒಳ್ಳೆ ಕೋಟು. ಉಳಿದಿದ್ದು ಅಂಗಡಿಯವರ ಆಸೆ. ಕನ್ನಡ ಪೂಜೆಯನ್ನು ವಾರವಾರ ಎದುರು ನೋಡಬೇಡ. ಊರಿಂದ ಯಾರಾದರೂ ಫಾದರ್ ಓದೋಕೆ ಬಂದಾಗ ಹತ್ತು ಮನೆಯವರು ಸೇರಿ ಮಾಡಿಸ್ತೀವಿ, ನಿನಗೂ ಹೇಳಿಕಳಿಸ್ತೀನಿ.

ಧ್ಯಾನದ ವಿಷಯ ಸ್ವಲ್ಪ ಉದ್ದ ಆಗುತ್ತೆ.

ನಾನು ಬಂದಿದ್ದು 2003ರ ನವೆಂಬರ್‌ನಲ್ಲಿ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಪಶ್ಚಿಮ ಲಂಡನ್ನಿನಲ್ಲಿ ಒಂದು ಗುರುವಾರ ಸಂಜೆ ಬಸ್ಸು ತಪ್ಪಿ ನಡ್ಕೊಂಡು ಬರ್ತಿದ್ದಾಗ ಚರ್ಚಿನ ಪಕ್ಕದ ಕೋಣೆಯಲ್ಲಿ ದೀಪ ಕಂಡಿತು. ಜಪಸರ ನಡೀತಿರಬೇಕು ಅಂದ್ಕೊಂಡು ಒಳಗೆ ಹೋದೆ. ಮಧ್ಯೆ ಒಂದು ಮೇಣದಬತ್ತಿ, ಸುತ್ತ ಒಂಬತ್ತು ಕುರ್ಚಿ. ಒಂದು ಕುರ್ಚಿ ಖಾಲಿ ಇತ್ತು, ಕೂತೆ. ಒಬ್ಬ ಅಜ್ಜಿ ಟೇಪ್ ಹಾಕಿದರು, ಯಾರೋ ಗುರುಗಳ ಹತ್ತು ನಿಮಿಷದ ಪ್ರವಚನ. ಆಮೇಲೆ ಸಣ್ಣ ಗಂಟೆ. ಆಮೇಲೆ ಏನೂ ಇಲ್ಲ! ನಾನು ಜಪಸರ ಕೈಯಲ್ಲಿ ಹಿಡ್ಕೊಂಡು, ಯಾರಾದರೂ 'ಪಿತನ, ಸುತನ' ಅಂತ ಶುರು ಮಾಡ್ತಾರೆ ಅಂತ ಕಾದೆ. ಶುರು ಮಾಡಬೇಕಾದವರಿಗೆ ನಿದ್ದೆ ಬಂದಿರಬೇಕು ಅನ್ನಿಸ್ತು. ನಮ್ಮ ಕಡೆ ಪ್ರಾರ್ಥನೆ ಅಂದರೆ ಸದ್ದು, ನಿನಗೇನು ಹೇಳೋದು. ಮೈಕು, ಹಾರ್ಮೋನಿಯಂ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಕಪಾಲಬೆಟ್ಟ ಹತ್ತುವಾಗ ಒಬ್ಬರ ದನಿ ಇನ್ನೊಬ್ಬರಿಗಿಂತ ಜೋರು. ಇಲ್ಲಿ ಇಪ್ಪತ್ತೈದು ನಿಮಿಷ ರೇಡಿಯೇಟರ್ ಕಟಕಟ ಅನ್ನೋದು ಬಿಟ್ಟರೆ ಶಬ್ದವೇ ಇಲ್ಲ. ಮತ್ತೆ ಗಂಟೆ, ಟೀ, ಬಿಸ್ಕತ್ತು, ಮನೆಗೆ.

ಮುಂದಿನ ಗುರುವಾರವೂ ಹೋದೆ. ನಿಜ ಹೇಳ್ತೀನಿ, ಭಕ್ತಿಗಲ್ಲ. ಆ ಕೋಣೆ ಬೆಚ್ಚಗಿತ್ತು.

ಮಾಡೋದು ಏನು ಅಂತ ಕೇಳಿದ್ದೀಯ. ಬೆನ್ನು ನೆಟ್ಟಗೆ ಮಾಡಿ ಕೂತು, ಕಣ್ಣು ಮುಚ್ಚಿ, ಒಳಗೊಳಗೇ ಒಂದು ಪದ ಹೇಳ್ಕೋತಾ ಇರೋದು: ಮಾ-ರಾ-ನಾ-ಥಾ. ನಾಲ್ಕು ಅಕ್ಷರಕ್ಕೂ ಸಮ ತೂಕ. ಅದು ಯೇಸುಸ್ವಾಮಿ ಆಡುತ್ತಿದ್ದ ಅರಮಾಯಿಕ್ ಭಾಷೆಯ ಮಾತು, 'ಪ್ರಭುವೇ ಬಾ' ಅಂತ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ ಕೊನೇ ಅಧ್ಯಾಯದಲ್ಲಿದೆ. ನಮಗೆ 'ನಾಥಾ' ಅಂದ ತಕ್ಷಣ ಪ್ರಭು ಅಂತಲೇ ಕೇಳಿಸುತ್ತೆ. ಎರಡು ಭಾಷೆಗೂ ಸಂಬಂಧ ಇಲ್ಲ, ಸುಮ್ಮನೆ ಹೊಂದಿಕೊಂಡಿದೆ. ಮೊದಲ ಭಾಗ ಕೇಳಿದಾಗಲೆಲ್ಲ ನನಗೆ ನಮ್ಮ ಕೇರಿ ಮಾರಣ್ಣನ ಮುಖ ಬರ್ತಿತ್ತು, ಅದನ್ನು ಓಡಿಸೋಕೆ ಮೂರು ತಿಂಗಳು ಹಿಡೀತು. ಬೇರೆ ಯೋಚನೆ ಬಂದರೆ ಜಗಳ ಆಡಬೇಡ, ಪದಕ್ಕೆ ವಾಪಸ್ ಬಾ. ಬೆಳಿಗ್ಗೆ ಸಂಜೆ ಎರಡು ಹೊತ್ತು, ಇಪ್ಪತ್ತರಿಂದ ಮೂವತ್ತು ನಿಮಿಷ ಅಂತ ಹೇಳ್ತಾರೆ. ಇಪ್ಪತ್ತು ವರ್ಷ ಆದರೂ ನನಗೆ ದಿನಕ್ಕೆ ಒಂದೇ ಹೊತ್ತು ಆಗೋದು, ಅದೂ ಎಷ್ಟೋ ಸಲ ಬಟ್ಟೆ ಬದಲಿಸೋ ಕೋಣೆಯ ಬೆಂಚಿನ ಮೇಲೆ.

ಇನ್ನು ಅಮ್ಮನ ಮಾತು. 'ಅದು ಹಿಂದೂ ಸ್ವಾಮಿಗಳ ಧ್ಯಾನ, ನಮ್ಮದಲ್ಲ' ಅಂದರಂತೆ. ಅರ್ಧ ಸರಿಯಾಗೇ ಹೇಳಿದ್ದಾರೆ. ಇದನ್ನು ಈಗಿನ ಕಾಲಕ್ಕೆ ತಂದವರು ಜಾನ್ ಮೇನ್ ಅಂತ. 1950ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ಕೆಲಸದ ಮೇಲೆ ಮಲಯಾದಲ್ಲಿ, ಅಂದರೆ ಈಗಿನ ಮಲೇಷ್ಯಾದಲ್ಲಿದ್ದಾಗ, ಕುವಾಲಾಲಂಪುರದಲ್ಲಿ ಆಶ್ರಮ ನಡೆಸ್ತಿದ್ದ ಸ್ವಾಮಿ ಸತ್ಯಾನಂದರ ಹತ್ತಿರ ಮಂತ್ರ ಹಿಡಿದು ಕೂರೋದು ಕಲಿತರು. ನೀನು ಕ್ರೈಸ್ತ, ಕ್ರೈಸ್ತನಾಗಿಯೇ ಕೂತ್ಕೋ ಅಂದರಂತೆ ಸ್ವಾಮಿಗಳು. 1959ರಲ್ಲಿ ಮೇನ್ ಲಂಡನ್ನಿನ ಈಲಿಂಗ್‌ನಲ್ಲಿ ಬೆನೆಡಿಕ್ಟೀನ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿಗಳ ಮಠ ಸೇರಿದಾಗ, ಅಲ್ಲಿನ ಗುರುಗಳು ಥೇಟ್ ನಿನ್ನಮ್ಮನ ಹಾಗೆ 'ಅದನ್ನ ಬಿಡು' ಅಂದರು. ಬಿಟ್ಟರು! ಎಷ್ಟೋ ವರ್ಷದ ಮೇಲೆ, ಹದಿನಾರು ಶತಮಾನದ ಹಿಂದೆ ಈಜಿಪ್ಟಿನ ಮರಳುಗಾಡಿನ ತಪಸ್ವಿಗಳ ಮಾತನ್ನು ಬರೆದಿಟ್ಟ ಕ್ಯಾಸಿಯನ್ನನ ಪುಸ್ತಕ ಓದುವಾಗ, ಒಂದೇ ಸಣ್ಣ ಪ್ರಾರ್ಥನೆ ಹಿಡಿದು ಎಡಬಿಡದೆ ಹೇಳೋ ಪದ್ಧತಿ ನಮ್ಮ ಮನೆಯಲ್ಲೇ ಇತ್ತು ಅಂತ ಗೊತ್ತಾಯ್ತು. 1975ರಲ್ಲಿ ಈಲಿಂಗ್ ಮಠದಲ್ಲಿ ಮೊದಲ ಗುಂಪು ಶುರುವಾಯ್ತು. 1982ರಲ್ಲಿ ತೀರಿಕೊಂಡರು. ಗುಂಪುಗಳು ಉಳಿದು ದೇಶದೇಶಕ್ಕೆ ಹರಡಿದವು. ಆ ಮಠ ನನ್ನ ಮನೆಯಿಂದ ಬಸ್ಸಲ್ಲಿ ಇಪ್ಪತ್ತು ನಿಮಿಷ, ಅದು ತಿಳಿಯೋಕೆ ನನಗೆ ಎರಡು ವರ್ಷ ಬೇಕಾಯ್ತು.

ಅಮ್ಮನಿಗೆ ಇನ್ನೊಂದು ಹೇಳು. ಬೀಡ್ ಗ್ರಿಫಿತ್ಸ್ ಅನ್ನೋ ಇಂಗ್ಲಿಷ್ ಸನ್ಯಾಸಿ 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಿದ್ದು ನಮ್ಮ ಕೆಂಗೇರಿಯಲ್ಲಿ. ಆಮೇಲೆ ಕೇರಳದಲ್ಲಿದ್ದು, 1968ರಲ್ಲಿ ತಮಿಳುನಾಡಿನ ಶಾಂತಿವನ ಆಶ್ರಮಕ್ಕೆ ಹೋದರು, ಕಾವೇರಿ ದಡದಲ್ಲಿ. ಸಂಗಮದಲ್ಲಿ ನಮ್ಮ ಅರ್ಕಾವತಿ ಸೇರಿಕೊಂಡು ಹೋಗ್ತಾಳಲ್ಲ, ಅದೇ ನೀರು. ಕಾವಿ ಉಟ್ಟು, ನೆಲದ ಮೇಲೆ ಕೂತು ಪೂಜೆ ಅರ್ಪಿಸಿದವರು. 1991ರಲ್ಲಿ ಅಮೆರಿಕದಲ್ಲಿ ಅವರು ನಡೆಸಿಕೊಟ್ಟ ಸಭೆಯಲ್ಲೇ ಮೇನ್ ಶುರು ಮಾಡಿದ ಈ ಗುಂಪುಗಳೆಲ್ಲ ಸೇರಿ ಒಂದು ವಿಶ್ವ ಸಮುದಾಯ ಆಯ್ತು. ಇದನ್ನು ಓದಿದ ದಿನ ನನಗೆ ಎಷ್ಟು ಹೆಮ್ಮೆ ಆಯ್ತು ಅಂದರೆ, ವಾರ್ಡಿನಲ್ಲಿ ಕಂಡವರಿಗೆಲ್ಲ ಕೆಂಗೇರಿ ಎಲ್ಲಿದೆ ಅಂತ ವಿವರಿಸಿದೆ.

ಅಮ್ಮ ವ್ಯಾಟಿಕನ್ ಏನು ಹೇಳುತ್ತೆ ಅಂತ ಕೇಳಿದರೆ, 1989ರಲ್ಲಿ ಅಲ್ಲಿಂದ ಒಂದು ಪತ್ರ ಬಂತು. ಪೂರ್ವದೇಶದ ವಿಧಾನಗಳನ್ನು ಕಣ್ಮುಚ್ಚಿ ತಗೋಬೇಡಿ, ಮೈಗೆ ಹಿತವಾಗಿದ್ದನ್ನೇ ಪವಿತ್ರಾತ್ಮರ ಕೃಪೆ ಅಂದ್ಕೋಬೇಡಿ ಅಂತ ಎಚ್ಚರಿಕೆ ಇದೆ, ಒಳ್ಳೆಯದನ್ನು ತಳ್ಳಿಹಾಕಬೇಡಿ ಅಂತಲೂ ಇದೆ. ಅಷ್ಟಕ್ಕೂ ಅಮ್ಮ ಒಲೆ ಮುಂದೆ ಮುದ್ದೆ ತಿರುವುತ್ತಾ 'ನಮೋ ಮರಿಯ' ಹೇಳೋವಾಗ, ಐವತ್ತನೇ ಸಲಕ್ಕೆ ಪದ ಕರಗಿ ಬರೀ ಉಸಿರು ಉಳಿದಿರುತ್ತೆ. ಅದನ್ನೇ ಇವರು ಕುರ್ಚಿ ಮೇಲೆ ಕೂತು ಮಾಡ್ತಾರೆ.

ಗುಂಪಿಗೆ ಹೋಗು. ದುಡ್ಡು ಕೇಳಲ್ಲ, ಬಾಗಿಲ ಹತ್ತಿರ ಡಬ್ಬಿ ಇದ್ದರೆ ಒಂದು ಪೌಂಡು ಹಾಕು. ಹೆಸರು ಬರೆಸಬೇಕಾಗಿಲ್ಲ, ಆಂಗ್ಲಿಕನ್ನರು, ಮೆಥಡಿಸ್ಟರು ಅಂತ ಬೇರೆ ಸಭೆಯ ಕ್ರೈಸ್ತರೂ ಇರ್ತಾರೆ. ಡ್ಯೂಟಿಯಿಂದ ತಡ ಆದರೆ ಮೆಲ್ಲಗೆ ಬಂದು ಕೂತ್ಕೋ. ಆದರೆ ಒಂದು ತಪ್ಪು ನಾನು ಮಾಡಿದ್ದನ್ನು ನೀನು ಮಾಡಬೇಡ.

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬರು ಐರಿಷ್ ತಾತ ಕೂರ್ತಿದ್ದರು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಯಾವಾಗಲೂ ತಡ, ಅವರು ಯಾವಾಗಲೂ ಪಕ್ಕದ ಕುರ್ಚಿ ಮೇಲೆ ತಮ್ಮ ಟೋಪಿ ಇಟ್ಟಿರೋರು. ನಾನು ಬಂದ ತಕ್ಷಣ ತೆಗೆದು ಮಡಿಲಲ್ಲಿ ಇಟ್ಕೊಳ್ಳೋರು. ನಾಲ್ಕು ವರ್ಷ ಹೀಗೆ. ನಾವಿಬ್ಬರೂ ಆಡಿದ ಮಾತು ಒಂದು ಪುಟ ಆಗಲಾರದು. ಹವಾಮಾನ, ಬಸ್ಸು, ಇನ್ನೊಂದು ಬಿಸ್ಕತ್ತು ತಗೋ. ಒಂದು ಗುರುವಾರ ಅವರು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಕೇಳಲಾ ಅಂದ್ಕೊಂಡೆ, ಸುಮ್ಮನಾದೆ. ಇಲ್ಲಿಯವರ ಖಾಸಗಿ ವಿಷಯ, ನಮಗ್ಯಾಕೆ ಅಂತ.

ಒಳಗಿನ ಮಾತು ಹೇಳ್ತೀನಿ. ಯಾರೂ ಏನೂ ಕೇಳದೇ ಇರೋದು ನನಗೆ ಇಷ್ಟ ಆಗಿತ್ತು. ಊರಲ್ಲಿ ಗೊತ್ತಲ್ಲ, ಮದುವೆ ಯಾವಾಗ, ಸಂಬಳ ಎಷ್ಟು, ಯಾಕೆ ಸೊರಗಿದ್ದೀಯ. ಒಂದು ಭಾನುವಾರ ಪೂಜೆಗೆ ಹೋಗದಿದ್ದರೆ ಸಂಜೆಯೊಳಗೆ ಮೂರು ಜನ ಬಾಗಿಲಲ್ಲಿ ನಿಂತು 'ಏನಮ್ಮ, ಹುಷಾರಿಲ್ವಾ' ಅಂತಾರೆ. ಅದರಿಂದ ತಪ್ಪಿಸ್ಕೊಂಡು ಬಂದವಳು ನಾನು. ಇಲ್ಲಿಯ ಮೌನವನ್ನು ದೇವರಿಗೆ ಅಂತ ಎಷ್ಟು ಇಟ್ಕೊಂಡಿದ್ದೆನೋ, ಜನರಿಂದ ಮರೆಯಾಗೋಕೂ ಅಷ್ಟೇ ಬಳಸ್ತಿದ್ದೆ.

ಐದನೇ ವಾರ ಅಜ್ಜಿ ಟೇಪ್ ಹಾಕೋ ಮೊದಲು ಹೇಳಿದರು, ಅವರು ತೀರಿಕೊಂಡರು ಅಂತ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರಂತೆ. ನಾನು ಕೆಲಸ ಮಾಡೋ ಆಸ್ಪತ್ರೆ. ನನ್ನ ವಾರ್ಡಿನ ಕೆಳಗಿನ ಮಹಡಿ. ಕಂಪ್ಯೂಟರ್‌ನಲ್ಲಿ ಹೆಸರು ಹುಡುಕೋ ಹಾಗಿಲ್ಲ, ಅದು ನಿಯಮ, ನೀನೂ ಮುರೀಬೇಡ. ಆದರೆ ಟೀ ಕುಡಿಯೋವಾಗ 'ಅವರು ಯಾಕೆ ಬಂದಿಲ್ಲ' ಅಂತ ಅಜ್ಜಿಯನ್ನು ಕೇಳೋಕೆ ಯಾವ ನಿಯಮ ಅಡ್ಡ ಇತ್ತು? ಅಜ್ಜಿಗೆ ಮೊದಲ ವಾರದಿಂದಲೇ ಗೊತ್ತಿತ್ತು. ಕೇಳಿದ್ದರೆ ಹೇಳೋರು. ಹದಿನೆಂಟು ಮೆಟ್ಟಿಲು ಇಳಿದಿದ್ದರೆ ಸಾಕಿತ್ತು.

ಮಣ್ಣಿಗೆ ಹೋಗಿದ್ದೆ. ಅವರ ಪೂರ್ತಿ ಹೆಸರು ನಾನು ಮೊದಲು ಓದಿದ್ದು ಅಲ್ಲಿ ಕೊಟ್ಟ ಪ್ರಾರ್ಥನೆ ಹಾಳೆ ಮೇಲೆ. ಐರ್ಲೆಂಡಿನಿಂದ ಅವರ ತಂಗಿ ಬಂದಿದ್ದರು. ನನ್ನ ಮುಖ ನೋಡಿ, 'ತಡವಾಗಿ ಬರೋ ನರ್ಸ್ ನೀನೇನಾ' ಅಂದರು. ನಾನು ಹೌದು ಅಂದೆ, ಅಷ್ಟೇ.

ಧ್ಯಾನಕೂಟದ ವಿಷಯ ಬೇಗ ಹೇಳಿ ಮುಗಿಸ್ತೀನಿ, ನಿದ್ದೆ ಬರ್ತಿದೆ. ನಿನಗೆ ಹತ್ತಿರ ಇರೋದು ಡೂಯೆ ಮಠ, ರೆಡಿಂಗ್ ಮತ್ತೆ ನ್ಯೂಬರಿ ನಡುವೆ, ಬೆನೆಡಿಕ್ಟೀನರದ್ದೇ, ಅತಿಥಿಗೃಹ ಇದೆ. ರೈಲಲ್ಲಿ ಹೋದರೆ ಇಳಿಯಬೇಕಾದ ಸ್ಟೇಷನ್ ಹೆಸರು ಮಿಡ್ಗಮ್, ಅದು ಇರೋದು ವುಲ್‌ಹ್ಯಾಂಪ್ಟನ್ ಅನ್ನೋ ಊರಲ್ಲಿ; ಗಾಬರಿಯಾಗಿ ರೈಲಲ್ಲೇ ಕೂತುಬಿಡಬೇಡ. ಅಲ್ಲಿಂದ ಏರು ದಾರಿ. ವೇಲ್ಸ್‌ನ ಉತ್ತರಕ್ಕೆ ಸೇಂಟ್ ಬೈನೋಸ್ ಅನ್ನೋ ಧ್ಯಾನಕೂಟದ ಮನೆ ಇದೆ, ಯೇಸುಸಭೆಯ ಫಾದರ್‌ಗಳದು, ಜೆಸ್ಯೂಟರು ಅಂತಾರಲ್ಲ ಅವರದು. ಅಲ್ಲಿ ಎಂಟು ದಿನದ್ದು, ಮೂವತ್ತು ದಿನದ್ದು ನಡೆಯುತ್ತೆ, ಪದ್ಧತಿಯೂ ಬೇರೆ, ಸುವಾರ್ತೆಯ ದೃಶ್ಯದೊಳಗೆ ಮನಸ್ಸಲ್ಲೇ ಹೋಗಿ ನಿಲ್ಲೋದು. ಮೊದಲ ಸಲಕ್ಕೆ ಅದು ಬೇಡ. ಆಗ ಹೇಳಿದ ವಿಶ್ವ ಸಮುದಾಯದ ಮುಖ್ಯ ಮನೆ ಫ್ರಾನ್ಸಿನ ಪ್ವಾತಿಯೆ ಹತ್ತಿರ ಬೊನ್ವೋ ಅಂತ ಹಳೇ ಮಠ. ಗುಂಪಿನವರು 'ಬಾ, ರೈಲಲ್ಲಿ ಹೋಗಿಬರೋಣ' ಅಂತಾರೆ, ಅವರ ಪಾಸ್‌ಪೋರ್ಟಿಗೆ ಅದು ಸುಲಭ. ನಿನ್ನ ಇಂಡಿಯಾ ಪಾಸ್‌ಪೋರ್ಟಿಗೆ ಷೆಂಗೆನ್ ಅನ್ನೋ ಯುರೋಪಿನ ವೀಸಾ ಬೇಕು. ಟಿಕೆಟ್ ಮಾಡಿಸೋ ಮೊದಲು ವೀಸಾ ಮಾಡಿಸು.

ಖರ್ಚು ಜಾಗದಿಂದ ಜಾಗಕ್ಕೆ ಬೇರೆ. ಕೈ ಬಿಗಿ ಇದ್ದರೆ ಬಾಯಿಬಿಟ್ಟು ಹೇಳು, ಎಷ್ಟೋ ಕಡೆ ಕಡಿಮೆ ಮಾಡ್ತಾರೆ. ನಾಚಿಕೆ ನಮಗೇ ಜಾಸ್ತಿ. ರಜೆ ಬೇಕಾದರೆ ಡ್ಯೂಟಿ ಪಟ್ಟಿ ಬರೋಕೆ ಮುಂಚೆ ಕೇಳು. ಊಟ ಸೂಪು, ಬ್ರೆಡ್ಡು, ಬೇಯಿಸಿದ ಕ್ಯಾರೆಟ್ಟು. ನಾನು ಮೊದಲ ಸಲ ಮೌನದ ಊಟದಲ್ಲಿ ಮಾವಿನ ಉಪ್ಪಿನಕಾಯಿ ಡಬ್ಬಿ ತೆಗೆದೆ. ಯಾರೂ ಮಾತಾಡಲಿಲ್ಲ, ಇಡೀ ಮೇಜು ನನ್ನ ಕಡೆ ತಿರುಗಿತು. ಎರಡನೇ ದಿನ ಮೂವರು ತಟ್ಟೆ ಚಾಚಿದರು.

ಇದು ನರ್ಸಾಗಿ ಹೇಳೋ ಮಾತು: ಅಳು ನಿಲ್ಲದೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಧ್ಯಾನಕೂಟಕ್ಕೆ ಮುಂಚೆ ಜಿಪಿ, ಅಂದರೆ ನಿನ್ನ ಏರಿಯಾ ಡಾಕ್ಟರ್ ಹತ್ತಿರ ಹೋಗು. ಒಂಟಿತನ ಮತ್ತೆ ಮೌನ ಎರಡೂ ಒಟ್ಟಿಗೆ ಬಂದರೆ ಕೆಲವು ಸಲ ಭಾರ ಜಾಸ್ತಿ ಆಗುತ್ತೆ.

ನಿನ್ನ ನೈಟ್ ಡ್ಯೂಟಿ ದಿನ ಯಾವ್ಯಾವುದು ಅಂತ ಬರೆದು ಕಳಿಸು. ಎರಡು ವಾರ ನಿನ್ನ ಸುದ್ದಿ ಬರಲಿಲ್ಲ ಅಂದರೆ ನಾನೇ ಫೋನ್ ಮಾಡ್ತೀನಿ, ಮಲಗಿರೋವಾಗ ಎಬ್ಬಿಸಬಾರದಲ್ಲ.