ಮೇಡಂ, ಸೆಂಡಾಫ್ ದಿನ ನಾನು ರಜಾ ಹಾಕ್ತೀನಿ

ಜನವರಿ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಸ್ಕೂಲ್ ಡೇ, ಪ್ರವಾಸ, ಸೆಂಡಾಫ್ ಬಗ್ಗೆಯೇ ಇರುತ್ತವೆ. ಮೂವತ್ತೆರಡು ವರ್ಷ ಸಣ್ಣ ಊರುಗಳ ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಮಾಡಿದವಳಿಗೆ ಇಂಥ ಪತ್ರ ಓದುವಾಗ ಗಂಟೆ ಹೊಡೆದ ಸದ್ದು ಕೇಳಿದಂತಾಗುತ್ತದೆ. ಈ ಸಲ ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ತೆಗೆದುಕೊಂಡರೆ ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನು ಎಸ್ಸೆಸ್ಸೆಲ್ಸಿ ಓದ್ತಾ ಇದೀನಿ. ಮುಂದಿನ ತಿಂಗಳು ನಮ್ಮ ಸೆಂಡಾಫ್. ಹುಡುಗಿಯರೆಲ್ಲ ಒಂದೇ ಥರ ನೇರಳೆ ಬಣ್ಣದ ಸೀರೆ ಉಡಬೇಕು ಅಂತ ಕ್ಲಾಸಲ್ಲಿ ತೀರ್ಮಾನ ಆಗಿದೆ. ಸೀರೆಗೆ 650 ರೂಪಾಯಿ, ಬ್ಲೌಸ್ ಹೊಲಿಸೋಕೆ ಬೇರೆ, ಊಟಕ್ಕೂ ಗಿಫ್ಟಿಗೂ ಸೇರಿ 300. ನಮ್ಮಪ್ಪ ಕಾಯಿ ಸುಲಿಯೋ ಕೂಲಿಗೆ ಹೋಗ್ತಾರೆ. ಕೇಳಿದ್ರೆ ಸಾಲ ಮಾಡಿಯಾದ್ರೂ ಕೊಡ್ತಾರೆ, ಅದಕ್ಕೇ ಕೇಳಿಲ್ಲ. ಅವತ್ತು ಜ್ವರ ಅಂತ ರಜಾ ಹಾಕೋಣ ಅಂದ್ಕೊಂಡಿದೀನಿ. ತಪ್ಪಾ?
ವಿದ್ಯಾರ್ಥಿನಿ, ತಿಪಟೂರು ತಾಲ್ಲೂಕು

ಉತ್ತರ: ಮಗಳೇ, ಅಪ್ಪನ ಕೈ ನೋಡಿ ಬಾಯಿ ಮುಚ್ಚಿಕೊಂಡೆಯಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ರಜಾ ಹಾಕಬೇಡ. ಯಾಕೆ ಅಂತ ಹೇಳುತ್ತೇನೆ, ಇದು ನಾನು ಮಾಡಿದ ತಪ್ಪಿನ ಕತೆ.

1997ರ ಫೆಬ್ರುವರಿ. ಆಗ ನಾನು ಹತ್ತನೇ ಕ್ಲಾಸಿಗೆ ಕ್ಲಾಸ್ ಟೀಚರ್. ಗ್ರೂಪ್ ಫೋಟೋಗೆ ತಲೆಗೆ 25 ರೂಪಾಯಿ. ಫೋಟೋದವರು ಸ್ಟ್ಯಾಂಡ್ ನಿಲ್ಲಿಸಿ ಕಾಯುತ್ತಿದ್ದರು. ಹುಡುಗರು ಬೆಂಚುಗಳನ್ನು ಹೊತ್ತು ತಂದು ಬೇವಿನ ಮರದ ಕೆಳಗೆ ಮೂರು ಸಾಲು ಮಾಡಿದ್ದರು. ಕೈಯಲ್ಲಿ ಪಟ್ಟಿ ಹಿಡಿದುಕೊಂಡು ನಾನು, 'ದುಡ್ಡು ಕೊಟ್ಟಿರೋರು ಬನ್ನಿ' ಅಂದೆ. ಅಷ್ಟೇ ಅಂದದ್ದು. ಎಲ್ಲರೂ ಓಡಿ ಬಂದು ಜಾಗ ಹಿಡಿದರು. ಒಬ್ಬ ಹುಡುಗ ಮಾತ್ರ ನಲ್ಲಿಯ ಹತ್ತಿರ ಹೋಗಿ ಊಟದ ಡಬ್ಬಿ ತೊಳೆಯುತ್ತಾ ನಿಂತ. ಡಬ್ಬಿ ಆಗಲೇ ತೊಳೆದಿತ್ತು. ಮತ್ತೆ ಮತ್ತೆ ನೀರು ತುಂಬಿಸುವುದು, ಚೆಲ್ಲುವುದು. ನಾನು ನೋಡಿದೆ. ಆಮೇಲೆ ಕರೆದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಹೆಡ್ ಮಾಸ್ಟರ್ ಬಂದು ಕುಳಿತರು, ಫೋಟೋ ತೆಗೆದಾಯಿತು. ಹಾಜರಿ ಪುಸ್ತಕದಲ್ಲಿ 42 ಹೆಸರು, ಫೋಟೋದಲ್ಲಿ 41 ಮುಖ. ಆ ಫೋಟೋ ಈಗಲೂ ನನ್ನ ಬೀರುವಿನಲ್ಲಿದೆ. ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವನಾಗಿ ಅವನು ನಿಲ್ಲಬೇಕಿತ್ತು, ಅವನ ಎತ್ತರಕ್ಕೆ ಅದೇ ಜಾಗ. ಪ್ರತಿ ಬೇಕಾದವರು ದುಡ್ಡು ಕೊಡಲಿ, ನಿಲ್ಲುವುದಕ್ಕೆ ಯಾತರ ದುಡ್ಡು? ಇಷ್ಟು ಸಣ್ಣ ವಿಚಾರ ಅವತ್ತು ನನಗೆ ಹೊಳೆಯಲಿಲ್ಲ.

ನೀನು ಬರದಿದ್ದರೆ ನಿಮ್ಮ ಮೇಡಂ ಇಪ್ಪತ್ತೆಂಟು ವರ್ಷ ಆದಮೇಲೂ ಲೆಕ್ಕ ಹಾಕುತ್ತಾ ಕೂರಬೇಕಾಗುತ್ತದೆ. ಅದಕ್ಕೇ ಈ ಪತ್ರ ಪ್ರಕಟವಾದ ಪುಟವನ್ನೇ ತೆಗೆದುಕೊಂಡು ಹೋಗಿ ನಿಮ್ಮ ಕ್ಲಾಸ್ ಟೀಚರ್‌ಗೆ ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದಾಗ ತೋರಿಸು. ನೀನೊಬ್ಬಳೇ ಅಂದುಕೊಂಡಿದ್ದೀಯ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ನಿನ್ನಂತೆ ಜ್ವರ ಬರಿಸಿಕೊಳ್ಳಲು ಹೊರಟವರು ಇನ್ನೂ ನಾಲ್ಕೈದು ಮಂದಿ ಇದ್ದೇ ಇರುತ್ತಾರೆ.

ಇನ್ನು ಟೀಚರ್‌ಗೆ ನನ್ನ ಮಾತು. ಮೇಡಂ, ಮಕ್ಕಳಿಗೆ ಸೀರೆ ಉಡುವ ಆಸೆ ಇದ್ದರೆ ಉಡಲಿ. ಹೆಣ್ಣುಮಕ್ಕಳಿಗೆ ಅದು ಮೊದಲ ಸೀರೆ, ಆ ಖುಷಿಯನ್ನು ಬೇಡ ಅನ್ನುವಷ್ಟು ಕಲ್ಲು ಮನಸ್ಸು ನನಗಿಲ್ಲ. ಒಂದೇ ಬಣ್ಣ ಅನ್ನುವುದನ್ನು ಬಿಡಿಸಿ. ಅಮ್ಮನದೋ ಅಜ್ಜಿಯದೋ ಟ್ರಂಕಿನಲ್ಲಿರುವ ಸೀರೆ, ಯಾವ ಬಣ್ಣವಾದರೂ ಸರಿ. 1997ರ ನಂತರ ನಾನು ಸೆಂಡಾಫ್ ದಿನ ಏಳು ಸೀರೆ, ಎರಡು ಡಬ್ಬಿ ಪಿನ್ನು, ಸೂಜಿ ದಾರ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಬೆಳಿಗ್ಗೆ ಎಂಟೂವರೆಗೆಲ್ಲ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ನಾವು ಮೂವರು ಟೀಚರ್‌ಗಳು ಸಾಲಾಗಿ ನೆರಿಗೆ ಹಿಡಿಯುತ್ತಿದ್ದೆವು. ದೊಡ್ಡದಾದ ರವಿಕೆಗೆ ಪಕ್ಕದಲ್ಲಿ ಎರಡು ಹೊಲಿಗೆ ಹಾಕಿದರೆ ಸಾಕು. ಯಾರು ಮನೆಯಿಂದ ತಂದದ್ದು, ಯಾರು ನನ್ನ ಬ್ಯಾಗಿನದು ಅಂತ ಹೊರಗೆ ಬಂದಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ದುಡ್ಡು ಎತ್ತುವಾಗ ಹೆಸರು ಬರೆಯಬೇಡಿ. ಎಲ್ಲರಿಗೂ ಒಂದೇ ಥರದ ಕವರ್ ಕೊಡಿ, ಅಂಟಿಸಿ ಡಬ್ಬಿಗೆ ಹಾಕಲಿ. ಆಗದವರು ಖಾಲಿ ಕವರ್ ಹಾಕುತ್ತಾರೆ, ಆಗುವವರಲ್ಲಿ ಕೆಲವರು ಹೆಚ್ಚೇ ಹಾಕುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ. ಊಟಕ್ಕೆ ಮನೆಗೊಂದು ಪಾವು ಅಕ್ಕಿ, ಒಂದು ತೆಂಗಿನಕಾಯಿ ತರಿಸಿ. ತಿಪಟೂರು ಸೀಮೆಯಲ್ಲಿ ಕಾಯಿಗೆ ಬರ ಇಲ್ಲ. ಬಿಸಿಯೂಟದ ಅಮ್ಮಂದಿರು ಚಿತ್ರಾನ್ನ, ಪಾಯಸ ಮಾಡಿಕೊಡುತ್ತಾರೆ. ಶಾಲೆಗೆ ಕೊಡುವ ಕೊಡುಗೆಗೂ ಒಂದು ಮಾತು: ನಾನು ನಿವೃತ್ತಳಾದ ಶಾಲೆಯಲ್ಲಿ 'ಇಂಥ ಸಾಲಿನ ವಿದ್ಯಾರ್ಥಿಗಳ ಕೊಡುಗೆ' ಅಂತ ಬರೆದ ಗೋಡೆ ಗಡಿಯಾರಗಳು ಐದಿದ್ದವು. ಒಂದು ತೆಂಗಿನ ಸಸಿ ನೆಟ್ಟು ಹೋಗಿ, ಸಾಕು.

ಮಗಳೇ, ಜ್ಯೋತಿ ಕೊಡುವ ಹೊತ್ತಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಿನ್ನ ಮುಂದೆ ಮೇಣದ ಬತ್ತಿ ಹಿಡಿದು ನಿಂತಿರುತ್ತಾಳೆ. ನೀನು ಬರದಿದ್ದರೆ ಅವಳ ಬತ್ತಿ ಯಾರು ಹಚ್ಚಬೇಕು? ಹೋಗು.

ಪ್ರಶ್ನೆ: ನಮ್ಮ ಮಗಳು ಒಂಬತ್ತನೇ ತರಗತಿ. ಶಾಲೆಯಿಂದ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಪ್ರವಾಸ ಇಟ್ಟಿದ್ದಾರೆ. ನಮ್ಮ ಯಜಮಾನರು ಹೆಣ್ಣುಮಗು, ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ ಮೇಡಂ?
ಗೃಹಿಣಿ, ಅರಸೀಕೆರೆ

ಉತ್ತರ: ಕಳಿಸಿ ತಾಯಿ. ನಿಮ್ಮ ಯಜಮಾನರನ್ನೇ ಒಂದು ಸಲ ಶಾಲೆಗೆ ಕಳಿಸಿ, ಮೂರು ವಿಷಯ ಕೇಳಿಕೊಂಡು ಬರಲಿ: ಜೊತೆಗೆ ಎಷ್ಟು ಜನ ಟೀಚರಮ್ಮಂದಿರು ಹೋಗುತ್ತಿದ್ದಾರೆ, ಬಸ್ಸು ಯಾವುದು, ಕತ್ತಲಾಗುವ ಮುಂಚೆ ವಾಪಸ್ ಬರುತ್ತಾರಾ. ಮೂರಕ್ಕೂ ನೇರ ಉತ್ತರ ಸಿಕ್ಕರೆ ಅವರ ಭಯ ಅರ್ಧ ಇಳಿಯುತ್ತದೆ. ಬೇಲೂರು, ಹಳೇಬೀಡು ಎರಡೂ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿವೆ, ಲೋಕದ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಿಮ್ಮ ಮನೆಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ಸು. ವಿಂಧ್ಯಗಿರಿ ಹತ್ತಿ 58 ಅಡಿ ಗೊಮ್ಮಟನ ಪಾದದ ಹತ್ತಿರ ನಿಂತು ತಲೆ ಎತ್ತಿ ನೋಡಿದ ಮಗು ಮನೆಗೆ ಬಂದು ಏನು ಹೇಳುತ್ತದೆ, ಕೇಳಿಸಿಕೊಳ್ಳಿ. ಬುತ್ತಿಗೆ ಪುಳಿಯೋಗರೆ ಕಟ್ಟಿ, ಮೊಸರನ್ನ ಮಧ್ಯಾಹ್ನದ ಬಿಸಿಲಿಗೆ ಹುಳಿ ಬಂದುಬಿಡುತ್ತದೆ. ಬಂಡೆ ಕಾದಿರುತ್ತದೆ, ಚಪ್ಪಲಿ ಕೆಳಗೇ ಬಿಡಬೇಕು, ಕಾಲಿಗೆ ಸಾಕ್ಸ್ ಹಾಕಿ ಕಳಿಸಿ.

ಪ್ರಶ್ನೆ: ನಾನು ಹೊಸದಾಗಿ ಸೇರಿದ ಶಿಕ್ಷಕ. ವಾರ್ಷಿಕೋತ್ಸವದ ಜವಾಬ್ದಾರಿ ನನಗೆ ವಹಿಸಿದ್ದಾರೆ. ಮಕ್ಕಳಿಗೆ ಸಿನಿಮಾ ಹಾಡಿನ ಡಾನ್ಸೇ ಬೇಕು. ಊರಿನ ಹಿರಿಯರು ಸಿನಿಮಾ ಹಾಡು ಇದ್ದರೆ ನಾವು ಬರುವುದಿಲ್ಲ ಅನ್ನುತ್ತಾರೆ. ಯಾರ ಮಾತು ಕೇಳಲಿ?
ಶಿಕ್ಷಕ, ತುರುವೇಕೆರೆ

ಉತ್ತರ: ಮೇಷ್ಟ್ರೇ, ಹಾಡು ಯಾವುದು ಅನ್ನುವುದಕ್ಕಿಂತ ಮುಂಚೆ ಒಂದು ಲೆಕ್ಕ ಮಾಡಿ: ನಿಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಜನ ಸ್ಟೇಜ್ ಹತ್ತುತ್ತಾರೆ? ಸಾಮಾನ್ಯವಾಗಿ ಅದೇ ಹದಿನೈದು ಮಕ್ಕಳು ಎಂಟು ಡಾನ್ಸಿನಲ್ಲಿರುತ್ತಾರೆ. ಮಿಕ್ಕವರು ಕುರ್ಚಿ ಜೋಡಿಸುತ್ತಾರೆ. ಹೆಜ್ಜೆ ಹಾಕಲು ಬಾರದ ಮಗುವಿಗೂ ಒಂದು ಸಾಲು ಮಾತು ಸಿಗುವುದು ನಾಟಕದಲ್ಲಿ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದು ನಿಮ್ಮ ಪಕ್ಕದ ತಾಲ್ಲೂಕಿನಲ್ಲಿ. ಊರಲ್ಲಿ ಹಾರ್ಮೋನಿಯಂ ಹಿಡಿಯುವ ಒಬ್ಬ ತಾತ ಇನ್ನೂ ಇದ್ದಾರು, ಹೋಗಿ ಕರೆಯಿರಿ. ಆಗ ಹಿರಿಯರು ತಾವಾಗಿಯೇ ಪ್ರಾಕ್ಟೀಸಿಗೆ ಬಂದು ಕೂರುತ್ತಾರೆ. ಸೋಮನ ಕುಣಿತ, ಕೋಲಾಟ ಗೊತ್ತಿರುವವರ ಮನೆ ನಿಮ್ಮ ಮಕ್ಕಳಿಗೇ ಗೊತ್ತಿರುತ್ತದೆ. ಎರಡು ಸಿನಿಮಾ ಹಾಡು ಇರಲಿ. ಸಾಹಿತ್ಯ ನೀವೇ ಮೊದಲು ಕೂತು ಪೂರ್ತಿ ಓದಿ, ಹದಿನಾಲ್ಕು ವರ್ಷದ ಮಗು ಅದನ್ನು ತನ್ನ ಅಪ್ಪನ ಮುಂದೆ ಹಾಡಬಹುದಾದರೆ ಒಪ್ಪಿಕೊಳ್ಳಿ.

ಇನ್ನೊಂದು ಸಂಕಟ ಹೇಳಿಕೊಳ್ಳಲೇಬೇಕು. ಮಧ್ಯಾಹ್ನ ಮೂರಕ್ಕೆ ಬಣ್ಣ ಹಚ್ಚಿಸಿಕೊಂಡ ಮಕ್ಕಳು, ಐದಕ್ಕೆ ಬರಬೇಕಾದ ಅತಿಥಿ ಏಳಕ್ಕೆ ಬಂದು, ಭಾಷಣ ಒಂಬತ್ತಕ್ಕೆ ಮುಗಿಯುವ ತನಕ ಶಾಮಿಯಾನದ ಹಿಂದೆ ಹಸಿದು ಕೂತಿರುತ್ತಾರೆ. ಲಿಪ್‌ಸ್ಟಿಕ್ ಅಳಿಸುತ್ತದೆ ಅಂತ ನೀರೂ ಕುಡಿಯುವುದಿಲ್ಲ. ಒಂದು ವರ್ಷ ಕೃಷ್ಣನ ವೇಷದ ಮಗುವೊಂದು ನನ್ನ ತೊಡೆಯ ಮೇಲೇ ನಿದ್ದೆ ಹೋಯಿತು. ಅವನ ಸರದಿ ಬಂದಾಗ ಎಬ್ಬಿಸಲು ಮನಸ್ಸೇ ಬರಲಿಲ್ಲ. ನಾಡಗೀತೆಗೇ ಎರಡೂವರೆ ನಿಮಿಷ ಅಂತ 2022ರಲ್ಲಿ ಸರ್ಕಾರ ಅವಧಿ ಗೊತ್ತು ಮಾಡಿದೆ. ನೀವು ಭಾಷಣಕ್ಕೆ ತಲಾ ಐದು ನಿಮಿಷ ಅಂತ ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ. ಚಿಕ್ಕ ಮಕ್ಕಳ ಕುಣಿತ ಮೊದಲು ಆಗಲಿ, ಸನ್ಮಾನ ಕೊನೆಗೆ. ಪರದೆಯ ಹಿಂದೆ ಒಂದು ಬಕೆಟ್ ನಿಂಬೆ ಪಾನಕ, ಒಂದು ಡಬ್ಬಿ ಸ್ಟ್ರಾ ಇಡಿಸಿ. ಸ್ಟ್ರಾ ಇದ್ದರೆ ಬಣ್ಣ ಅಳಿಸುವುದಿಲ್ಲ.

ಪ್ರಶ್ನೆ: ನಾವು 1994-95ನೇ ಸಾಲಿನ ಎಸ್ಸೆಸ್ಸೆಲ್ಸಿ ಬ್ಯಾಚಿನವರು, ಈಗ ಬೆಂಗಳೂರಿನಲ್ಲಿದ್ದೇವೆ. ನಮ್ಮೂರ ಹೈಸ್ಕೂಲಿನಲ್ಲಿ ಗುರುವಂದನೆ ಮಾಡಬೇಕೆಂದು ಮೂರು ಲಕ್ಷ ರೂಪಾಯಿ ಸೇರಿಸಿದ್ದೇವೆ. ಹನ್ನೊಂದು ಜನ ಗುರುಗಳಿಗೆ ಪೇಟ, ಶಾಲು, ಬೆಳ್ಳಿ ತಟ್ಟೆ ಎಂದು ಯೋಚನೆ. ನಿಮ್ಮ ಸಲಹೆ?
ಹಳೆಯ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಒಳ್ಳೆಯ ಮನಸ್ಸು ನಿಮ್ಮದು. ಮೂವತ್ತು ವರ್ಷ ಆದಮೇಲೆ ನೆನಪಿಟ್ಟುಕೊಂಡಿದ್ದೀರಿ ಅನ್ನುವುದೇ ಆ ಹನ್ನೊಂದು ಜನಕ್ಕೆ ದೊಡ್ಡದು.

ಶಾಲು ನಿಜವಾಗಿ ಬೇಡ. ನನ್ನ ಬೀರುವಿನಲ್ಲೇ ಹದಿನಾಲ್ಕಿವೆ. 1918ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಬಂದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ, ವಿದ್ಯಾರ್ಥಿಗಳು ಅವರನ್ನು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಕೂರಿಸಿ, ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಕರೆದೊಯ್ದರು. ಮೂರೇ ವರ್ಷ ಪಾಠ ಹೇಳಿದ ಮೇಷ್ಟ್ರು. ಅವರ ಹುಟ್ಟುಹಬ್ಬ 1962ರಿಂದ ಶಿಕ್ಷಕರ ದಿನವಾಯಿತು, ಆದರೂ ನನ್ನ ಕಣ್ಣಿಗೆ ಕಟ್ಟುವುದು ಆ ಗಾಡಿಗೆ ಹೆಗಲು ಕೊಟ್ಟ ಹುಡುಗರೇ. ನೀವೂ ಗಾಡಿ ಎಳೆಯಿರಿ. ಅಂದರೆ, ಒಬ್ಬೊಬ್ಬ ಗುರುವಿಗೆ ಇಬ್ಬಿಬ್ಬರು ಅಂತ ಹಂಚಿಕೊಂಡು, ಅವರ ಮನೆಗೇ ಹೋಗಿ ಕರೆದುಕೊಂಡು ಬನ್ನಿ. ಸಮಾರಂಭ ಮುಗಿದ ಮೇಲೆ ಮನೆ ಬಾಗಿಲಿಗೇ ಬಿಟ್ಟು ಬನ್ನಿ. ಎಂಬತ್ತು ದಾಟಿದವರು ವಾಟ್ಸಾಪಿನಲ್ಲಿ ಬಂದ ಆಹ್ವಾನ ನೋಡಿ ಬಸ್ಸು ಹತ್ತಿ ಬರಲಾರರು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ಹನ್ನೆರಡೂವರೆಗೆ ಊಟಕ್ಕೆ ಕೂರಿಸಿ, ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ ಇರುತ್ತದೆ. ಸ್ಟೇಜಿಗೆ ಮೆಟ್ಟಿಲು ಬೇಡ, ನೆಲದ ಮಟ್ಟದಲ್ಲೇ ಕೈಯಿರುವ ಕುರ್ಚಿ ಹಾಕಿಸಿ. ಪ್ರತಿಯೊಬ್ಬರಿಗೂ ನೀವು ಬರೆದ ಒಂದು ಪುಟ ಓದಿ ಕೊಡಿ, ಅವರು ಪಾಠ ಮಾಡಿದ್ದರಲ್ಲಿ ಈಗಲೂ ನೆನಪಿರುವ ಒಂದೇ ಒಂದು ವಿಷಯ.

ಉಳಿದ ದುಡ್ಡಿನಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿರುವ ಬಾಗಿಲು, ಬಿಡದೆ ನೀರು ಬರುವ ನಲ್ಲಿ ಹಾಕಿಸಿ. ಈಗಿನ ಹೆಡ್ ಮೇಡಂ ಅವರನ್ನು ಮೊದಲು ಕೇಳಿ, ಬೇರೆ ತುರ್ತು ಇದ್ದರೆ ಅದು.

ನಿಮ್ಮ ಪಟ್ಟಿಯಲ್ಲಿ ಹನ್ನೊಂದು ಹೆಸರಿವೆ ಅಂದಿರಿ. ಗಂಟೆ ಹೊಡೆಯುತ್ತಿದ್ದವರು, ತಡವಾಗಿ ಬಂದವರನ್ನು ಹೆಡ್ ಮಾಸ್ಟರ್ ಕಣ್ಣಿಗೆ ಬೀಳದಂತೆ ಹಿಂದಿನ ಗೇಟಿನಿಂದ ಒಳಗೆ ಬಿಡುತ್ತಿದ್ದವರು, ಅವರ ಹೆಸರು ಅದರಲ್ಲಿದೆಯೇ? ಇಲ್ಲವಾದರೆ ಹನ್ನೆರಡನೆಯ ಕುರ್ಚಿ ಹಾಕಿಸಿ, ಅದೇ ಸಾಲಿನಲ್ಲಿ.