ಕಾರು 40 ಮಿ.ಮೀ. ತಗ್ಗಿಸಿದರೆ ಆ್ಯಕ್ಸಲ್ ಹೋಗುತ್ತಾ?

ನೀವು ಕೇಳಿದ್ದು ಇಷ್ಟು: ಫ್ರಂಟ್ ವೀಲ್ ಡ್ರೈವ್ ಕಾರು, 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಬೇಕು, ಶಾಕ್ ಅಬ್ಸಾರ್ಬರ್ ಮಾತ್ರ ಕಂಪನಿಯದ್ದೇ ಇರಲಿ. ಆದರೆ ಮೆಕ್ಯಾನಿಕ್ "ಆ್ಯಕ್ಸಲ್ ಹೋಗುತ್ತೆ" ಅಂತ ಹೆದರಿಸಿದ್ದಾರೆ. ನಾನು ಇಂಥದ್ದೇ ಕಾರನ್ನು ತಗ್ಗಿಸಿ ಕೆಲವು ವರ್ಷ ಓಡಿಸಿದ್ದೇನೆ. ಆ್ಯಕ್ಸಲ್ ಏನೂ ಆಗಲಿಲ್ಲ. ಹೋಗಿದ್ದು ಬೇರೆ.

ಮೊದಲು ಆ್ಯಕ್ಸಲ್ ವಿಷಯ ಮುಗಿಸೋಣ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟೇ ಈ ಆ್ಯಕ್ಸಲ್. ಅದರ ಎರಡೂ ತುದಿಗೆ ಸಿವಿ ಜಾಯಿಂಟ್ (ಬಾಗಿಕೊಂಡೇ ತಿರುಗುವ ಕೀಲು) ಇರುತ್ತದೆ. ಆ ಎರಡರ ನಡುವೆ 400 ಮಿ.ಮೀ. ಅಂತ ಇಟ್ಟುಕೊಳ್ಳಿ. 40 ಮಿ.ಮೀ. ಇಳಿಸಿದರೆ ಶಾಫ್ಟ್ ವಾಲುವುದು ಹೆಚ್ಚುಕಮ್ಮಿ 6 ಡಿಗ್ರಿ. ಹೊರಗಿನ ಜಾಯಿಂಟ್ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ 40 ಡಿಗ್ರಿ ಆಸುಪಾಸು ಬಾಗಲಿ ಅಂತಲೇ ಮಾಡಿದ್ದು, ಅದಕ್ಕೆ ಇದು ಲೆಕ್ಕಕ್ಕೇ ಇಲ್ಲ. ಇನ್ನೂ ಒಂದು ತಮಾಷೆ ಇದೆ. ಎಷ್ಟೋ ಕಾರುಗಳಲ್ಲಿ ಶಾಫ್ಟ್ ಮೊದಲಿನಿಂದಲೂ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ, ಹಾಗಾಗಿ ಕಾರು ಒಂದಿಷ್ಟು ತಗ್ಗಿದಾಗ ಗೇರ್‌ಬಾಕ್ಸೂ ಕೆಳಗೆ ಬಂದು ಶಾಫ್ಟ್ ಇನ್ನೂ ನೇರವಾಗಿಯೇ ನಿಲ್ಲುತ್ತದೆ! ಅದಕ್ಕಿಂತ ಜಾಸ್ತಿ ಇಳಿಸಿದಾಗ ಮಾತ್ರ ಉಲ್ಟಾ ವಾಲಲು ಶುರುವಾಗುತ್ತದೆ.

ತಕರಾರು ಬಂದರೆ ಒಳಗಿನ ಜಾಯಿಂಟಿನಿಂದ ಬರಬಹುದು. ಹೆಚ್ಚಿನ ಕಾರುಗಳಲ್ಲಿ ಅಲ್ಲಿ ಮೂರು ರೋಲರ್‌ಗಳು ಜಾಡುಗಳಲ್ಲಿ ಓಡಾಡುತ್ತಿರುತ್ತವೆ. ಹಳೇ ಕಾರಾದರೆ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಜಾಡು ಸವೆದು ಗುಳಿ ಬಿದ್ದಿರುತ್ತದೆ, ಕಾರು ತಗ್ಗಿಸಿದ ಮೇಲೆ ರೋಲರ್ ಆ ಗುಳಿಯ ಅಂಚಿಗೆ ಬಂದು ಕೂರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಕಾರು ನಡುಗಿ, ಕಾಲು ತೆಗೆದ ಕೂಡಲೇ ಸುಮ್ಮನಾದರೆ ಮೊದಲು ಇದನ್ನೇ ನೋಡಿಸಿ. ಜೊತೆಗೆ ಜಾಯಿಂಟಿನ ರಬ್ಬರ್ ಬೂಟನ್ನೂ ನೋಡಿ. ಅದು ಹರಿದು ಗ್ರೀಸ್ ಹೊರಗೆ, ಮಣ್ಣು ಒಳಗೆ ಹೋದರೆ ಕಾರು ತಗ್ಗಿದ್ದರೂ ಎತ್ತರವಿದ್ದರೂ ಜಾಯಿಂಟ್ ಉಳಿಯುವುದಿಲ್ಲ.

ಈಗ ನಿಜವಾಗಿ ಸಾಯುವ ಭಾಗಗಳಿಗೆ ಬರೋಣ.

ಚಕ್ರ ಮೇಲೆ ಬರಲು ಇದ್ದ ಜಾಗದಲ್ಲಿ ನೀವು 40 ಮಿ.ಮೀ. ತಿಂದುಬಿಟ್ಟಿರಿ, ಅಲ್ವಾ? ಮೊದಲು ಬಂಪ್ ಸ್ಟಾಪ್ (ಚಕ್ರ ತೀರಾ ಮೇಲೆ ಬಾರದಂತೆ ತಡೆಯುವ ರಬ್ಬರ್ ತುಂಡು) ಮುಟ್ಟುವವರೆಗೆ 80 ಮಿ.ಮೀ. ಇತ್ತು ಅಂದುಕೊಂಡರೆ ಈಗ ಉಳಿದಿದ್ದು ಅರ್ಧ. ಅದಕ್ಕೇ ತಗ್ಗಿನ ಸ್ಪ್ರಿಂಗನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಆದರೆ ಕಂಪನಿ ಶಾಕ್ ಅಬ್ಸಾರ್ಬರ್ ಹಳೇ ಮೆತ್ತನೆಯ ಸ್ಪ್ರಿಂಗಿಗೆ ಹೊಂದಿಸಿದ್ದು. ಗಟ್ಟಿ ಸ್ಪ್ರಿಂಗ್ ವಾಪಸ್ ಚಿಮ್ಮುವಾಗ ಅದನ್ನು ಹಿಡಿದು ನಿಲ್ಲಿಸುವ ತಾಕತ್ತು ಅದಕ್ಕಿಲ್ಲ. ಮೇಲಾಗಿ ಅದು ದಿನವಿಡೀ ಒತ್ತಿಕೊಂಡೇ ಕೆಲಸ ಮಾಡುತ್ತದೆ, ರಸ್ತೆಯ ಪ್ರತಿ ಉಬ್ಬಿಗೂ ಬಂಪ್ ಸ್ಟಾಪಿಗೆ ಹೋಗಿ ಗುದ್ದುತ್ತದೆ, ಆ ಪೆಟ್ಟು ಸ್ಟ್ರಟ್ ಮೌಂಟಿಗೂ (ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಬಾಡಿಗೆ ಹಿಡಿಸುವ ಭಾಗ) ಬಾಡಿಗೂ ನೇರವಾಗಿ ತಗಲುತ್ತದೆ. ಆಮೇಲೆ ಎಣ್ಣೆ ಸೋರಲು ಶುರು.

ನನ್ನ ಕಾರಿನಲ್ಲಿ ಮೊದಲು ಹೋಗಿದ್ದು ಲೋವರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ ಬುಡದ ರಬ್ಬರ್ ಜೋಡಣೆ. ತಪ್ಪು ಸ್ಪ್ರಿಂಗಿನದ್ದಲ್ಲ, ಹಾಕಿದ ರೀತಿಯದ್ದು. ಬುಷ್ ಅಂದರೆ ಬೇರಿಂಗ್ ತರ ತಿರುಗುವ ವಸ್ತು ಅಂತ ನಾನೂ ಅಂದುಕೊಂಡಿದ್ದೆ, ಹಾಗಲ್ಲ. ನಡುವಿನ ಕಬ್ಬಿಣದ ಕೊಳವೆಗೆ ರಬ್ಬರ್ ಅಂಟಿರುತ್ತದೆ, ಬೋಲ್ಟ್ ಬಿಗಿದ ಮೇಲೆ ಆ ಕೊಳವೆ ಅಲುಗುವುದೇ ಇಲ್ಲ, ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಂಡೇ. ನನಗೆ ಹಾಕಿಕೊಟ್ಟವರು ಕಾರು ಲಿಫ್ಟಿನ ಮೇಲೆ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದಿದ್ದರು. ಕಾರು ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ನಿಂತಿತ್ತು. ಹರಿಯದೆ ಇನ್ನೇನು ಮಾಡೀತು? ಸರಿಯಾದ ಕ್ರಮ ಸುಲಭ: ಬೋಲ್ಟ್ ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲೆ ಬೀಳಲಿ, ಆಮೇಲೆ ಬಿಗಿಯಿರಿ. ಇದೊಂದನ್ನು ನಿಂತು ನೋಡಿ ಮಾಡಿಸಿ, ಮೆಕ್ಯಾನಿಕ್ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಟೈರ್ ಒಳಬದಿ ಸವೆದರೆ ಎಲ್ಲರೂ ಕ್ಯಾಂಬರನ್ನು (ಮುಂದಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿರುವುದು) ಬೈಯುತ್ತಾರೆ. ನಿಜವಾದ ಕಳ್ಳ ಬಹುತೇಕ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು. ಎತ್ತರ ಬದಲಾದರೆ ಟೈ ರಾಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು) ವಾಲಿ ಟೋ ಕೆಡುತ್ತದೆ, ಟೈರ್ ಉರುಳುವ ಬದಲು ಸ್ವಲ್ಪ ಸ್ವಲ್ಪ ಎಳೆದಾಡುತ್ತದೆ. ಸ್ಪ್ರಿಂಗ್ ಹಾಕಿದ ದಿನ ಒಂದು ಸಲ, ಅದು ಕೂತ ಮೇಲೆ ಇನ್ನೊಂದು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಹಳೇ ಸ್ಪ್ರಿಂಗನ್ನೇ ಕತ್ತರಿಸೋಣ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಪೂರ್ತಿ ಕೆಳಗೆ ಜೋತಾಗ ಸ್ಪ್ರಿಂಗ್ ಜಾಗ ಬಿಟ್ಟು ಜಾರಲೂಬಹುದು.

ನಾನು ನಿಮ್ಮ ಜಾಗದಲ್ಲಿದ್ದರೆ 25 ಮಿ.ಮೀ.ಗೆ ನಿಲ್ಲಿಸುತ್ತೇನೆ. 40 ಬೇಕೇ ಬೇಕು ಅಂದರೆ ಆ ಸ್ಪ್ರಿಂಗಿಗೆ ಹೊಂದುವ, ಉದ್ದ ಕಡಿಮೆ ಇರುವ ಶಾಕ್ ಅಬ್ಸಾರ್ಬರ್ ಜೊತೆಗೇ ಹಾಕಿಸಿ. ಅದಕ್ಕೆ ಈಗ ದುಡ್ಡಿಲ್ಲ ಅಂದರೆ ಸ್ವಲ್ಪ ಕಾಯಿರಿ, ಬರೀ ಸ್ಪ್ರಿಂಗ್ ಹಾಕಿಸಬೇಡಿ.

ಹಾಂ, ಕಾರು ಹಳೇ ಮಾಡೆಲ್ ಆದರೆ ಹಿಂದಿನ ಆ್ಯಕ್ಸಲಿನಿಂದ ಬ್ರೇಕ್ ವಾಲ್ವಿಗೆ ಒಂದು ಸಣ್ಣ ಕಡ್ಡಿಯೋ ಸ್ಪ್ರಿಂಗೋ ಹೋಗಿದೆಯಾ ಅಂತ ಬಗ್ಗಿ ನೋಡಿ. ಕಾರಿನಲ್ಲಿ ಭಾರ ಎಷ್ಟಿದೆ ಅಂತ ಅದು ಎತ್ತರ ನೋಡಿಯೇ ತಿಳಿಯುವುದು. ತಗ್ಗಿಸಿದ ಕಾರನ್ನು ಲೋಡ್ ತುಂಬಿದ ಕಾರು ಅಂದುಕೊಂಡು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಕೊಡುತ್ತದೆ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಲಾಕ್ ಆದರೆ ಕಾರು ತಿರುಗಿಯೇ ಬಿಡುತ್ತದೆ. ಅದಿದ್ದರೆ ಸ್ಪ್ರಿಂಗ್ ಹಾಕಿದ ದಿನವೇ ಹೊಸ ಎತ್ತರಕ್ಕೆ ಸೆಟ್ ಮಾಡಿಸಿ.